ನಮ್ಮ ಅರ್ಧಾ ಟಿಕೆಟ್ ಹುಡುಗ

ನಮ್ಮನ್ಯಾಗ ಬಸ್ಸಿಗೆ ರೊಕ್ಕ ಕೊಟ್ಟು ಅಡ್ಡಾಡೋರು ಇಬ್ಬರೇ, ಒಬ್ರು ನಮ್ಮನಿಯವ್ರು, ಇನ್ನೊಬ್ಬಂವ ಮೂರನೇತ್ತಾ ಓದೋ ನನ್ನ ಮಗ. ನಾ ಫ್ರೀ, ನಮ್ಮತ್ತಿಯವ್ರು ಫ್ರೀ, ಆರನೇತ್ತಾ ಓದೋ ಮಗಳೂ ಫ್ರೀ. ನಮ್ಮನಿಯವ್ರಂತೂ ಗಾಡಿ ಬಿಟ್ಟು ಬಸ್ ಹತ್ತೂದು ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ, ಹಿಂಗಾಗಿ ಖರೇ ಹೇಳಬೇಕಂದ್ರ ನಮ್ಮ ಮನಿಂದ ಸಾರಿಗೆ ನಿಗಮಕ್ಕ ಹೋಗೂ ದುಡ್ಡು ಅಂದ್ರ ಆ ಮೂರನೇತ್ತಾ ಹುಡುಗನ ಅರ್ಧಾ ಟಿಕೆಟ್ಟಿಂದು ಅಷ್ಟ.

ರೂಲ್ಸ್ ಏನೈತಿ ಅಂತ ಒಮ್ಮೆ ಹೇಳಿಬಿಡ್ತೀನಿ, ಯಾಕಂದ್ರ ಬಸ್ಸಿನ್ಯಾಗ ದಿನಾ ಇದರ ಮ್ಯಾಲ ಒಂದಿಲ್ಲೊಂದು ವಾದ ಕೇಳ್ತಿರ್ತೀನಿ. ನಮ್ಮ ಸರ್ಕಾರಿ ಬಸ್ಸಿನ್ಯಾಗ 6 ವರ್ಷದ ಒಳಗಿನ ಕೂಸಿಗೆ ಟಿಕೆಟ್ ಇಲ್ಲ, ಗಂಡಾಗ್ಲಿ ಹೆಣ್ಣಾಗ್ಲಿ. 6 ದಾಟಿ 12 ಆಗೂತನಕ ಅರ್ಧಾ ಟಿಕೆಟ್. ಅದರಾಚೆ ಫುಲ್. ಇದು ಮೊದಲಿಂದ ಇದ್ದದ್ದು. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಬಂತು ನೋಡ್ರಿ, ಆವಾಗ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆಲ್ಲಾ ಸಾದಾ ಬಸ್ಸಿನ್ಯಾಗ ಝೀರೋ ಟಿಕೆಟ್, ಅಂದ್ರ ರೊಕ್ಕಿಲ್ಲದ ಟಿಕೆಟ್ ಆತು, ಅದರಾಗ 6 ರಿಂದ 12ರ ಒಳಗಿನ ಸಣ್ಣ ಹುಡ್ಗ್ಯಾರೂ ಬಂದ್ರು. ತೃತೀಯ ಲಿಂಗಿಗಳಿಗೂ ಐತಿ. ಉಳದವ್ರು ಯಾರು ಅಂದ್ರ ಗಂಡಸ್ರು, ಮತ್ತ ಆರು ದಾಟಿದ ಗಂಡುಡುಗ್ರು. ಗಂಡಸ್ರು ದುಡಿತಾರ, ಅವ್ರ ಕಥಿ ಬ್ಯಾರೆ. ಈ ಹುಡುಗ್ರು ಏನ್ ದುಡಿತಾವ ಹೇಳ್ರಿ?

ನಮ್ಮ ಹುಡುಗ ಮೊದ್ಲಮೊದ್ಲ ಭಾಳ ಖುಷಿಯಾಗಿದ್ದ. ಹುಬ್ಬಳ್ಳಿಂದ ಗದಗಿಗೆ, ನನ್ನ ತವರಮನಿ ಕಡೆ ಹೊಂಟಾಗ ಕಂಡಕ್ಟರ್ ಬಂದು ನಮ್ಮೆಲ್ಲಾರಿಗೂ ಝೀರೋ ಹರದು ಕೊಟ್ಟು, ಕಡೀಕ ಇವನ ಕಡೆ ತಿರುಗಿ "ಏನ್ ಗೌಡ್ರ, ರೊಕ್ಕ ತಗೀರಿ, ಮನ್ಯಾಗ ಗಂಡಸಂದ್ರ ನೀವ ಅಲ್ಲೇನು" ಅಂದ್ರು. ಇಂವ ಎದಿ ಉಬ್ಬಿಸಿಕೊಂಡು ನನ್ನ ಪರ್ಸ್ ಕಸಕೊಂಡು ತಾನ ಕೊಟ್ಟ. ಆಮ್ಯಾಲ ಅಣ್ಣಿಗೇರಿ ಬಂದಾಗ ಮಂದಿ ಹತ್ತಿದ್ರು, ನಿಂದ್ರಾಕ ಜಾಗ ಇಲ್ದಂಗ ಆತು, ಒಬ್ರು ಹಿರ್ಯಾರು ಬಂದು "ಯವ್ವಾ ಹುಡುಗನ್ನ ತೊಡಿ ಮ್ಯಾಲ ಕುಂದ್ರಿಸ್ಕೋ" ಅಂದ್ರು. ಅಕ್ಕ ಆರಾಮ ಸೀಟಿನ್ಯಾಗ ಕುಂತಾಳ ಫ್ರೀ ಟಿಕೆಟ್ಟಿನ್ಯಾಗ, ರೊಕ್ಕ ಕೊಟ್ಟಂವ ತೊಡಿ ಮ್ಯಾಲ. ಅಲ್ಲಿಗೆ ಗೌಡ್ಕಿ ಮುಗೀತು. ಅವತ್ತಿಂದ ಸುರು ಆತು ನೋಡ್ರಿ ಅವಂದು, ಅಕ್ಕಗ ಯಾಕ ಇಲ್ಲ, ನಂಗ್ಯಾಕ ಐತಿ, ಮತ್ತ ಬಸ್ಸಿನ್ಯಾಗ ಅರ್ಧಾ ಸೀಟು ಗಂಡಸ್ರಿಗೆ ಅಂತ ಮಾಡ್ಯಾರಂತಲ್ಲ ಆ ಸೀಟ್ ಎಲ್ಲೈತಿ ಅಂತ. (ಅದು ಖರೇನ ಐತಿ ಮತ್ತ, ಶಕ್ತಿ ಆದೇಶದಾಗ ಬೆಂಗಳೂರು ಸಿಟಿ ಬಸ್ ಬಿಟ್ಟು ಉಳಿದ ನಿಗಮದ ಬಸ್ಸಿನ್ಯಾಗ ಶೇ. 50 ಸೀಟ್ ಗಂಡಸ್ರಿಗೆ ಅಂತ ಬರದಾರ. ಬರದದ್ದು ಬರದಂಗ ಐತಿ, ನಮ್ಮ ಗದಗ ಬಸ್ಸಿನ್ಯಾಗ ಅದನ್ನ ಹುಡುಕಾಕ ಹೋದ್ರ ಹುಚ್ಚ ಅಂತಾರ.)

ವಯಸ್ಸಿನ ಜಗಳಾ ಅಂತೂ ಕೇಳಬ್ಯಾಡ್ರಿ. ಗಂಡುಡುಗ ಆರು ದಾಟಿದ ಕೂಡಲೇ ಅವ್ವಂದ್ರಿಗೆ ಅವನ ವಯಸ್ಸು ಮರೀತೈತಿ, ಎರಡ್ಮೂರು ವರ್ಷ ಐದರಾಗ ನಿಂದ್ರತಾನ ಅಂವ. ಕಂಡಕ್ಟರ್ "ಎಷ್ಟನೇತ್ತಾ ಪಾ ತಮ್ಮಾ" ಅಂತ ಕೇಳ್ತಾರ, ವಯಸ್ಸು ಕೇಳೂದಿಲ್ಲ, ಶಾಣ್ಯಾರು ಅವ್ರು. ಹುಡುಗ ಒಂದು ಉಸರಿನ್ಯಾಗ "ಎರಡನೇತ್ತಾ ಬಿ ಸೆಕ್ಷನ್" ಅಂತಾನ, ಅವ್ವ ಕಿಡಕ್ಯಾಗ ನೋಡ್ತಾಳ. ಇನ್ನ ಕೆಲವ್ರು ರೈಲ್ವೆ ರೂಲ್ಸ್ ತಂದು ಬಸ್ಸಿನ್ಯಾಗ ಹೇಳತಾರ. ರೈಲಿನ್ಯಾಗ 5 ವರ್ಷದ ಒಳಗಿದ್ರ ಫ್ರೀ, 5 ರಿಂದ 12ರ ಒಳಗ ಅರ್ಧಾ, ಆದ್ರ ರಿಸರ್ವೇಶನ್ ಮಾಡಿಸಿ ಹುಡುಗಗ ಬ್ಯಾರೆ ಬರ್ತ್ ಬೇಕಂದ್ರಿ ಅಂದ್ರ ಫುಲ್ ರೊಕ್ಕ, ಅದು 2016ರ ಏಪ್ರಿಲ್‌ದಿಂದ ಆಗೇತಿ. ಹುಬ್ಬಳ್ಳಿ ಗದಗ ನಡುವ ರೈಲಿನ್ಯಾಗೂ ಬಸ್ಸಿನ್ಯಾಗೂ ಅಡ್ಡಾಡೋ ನಮ್ಮಂಥವ್ರಿಗೆ ಒಂದರಾಗ ಐದು ಒಂದರಾಗ ಆರು, ತಲಿ ತಿರಗತೈತಿ.

2024ರ ಮಾರ್ಚಿನ್ಯಾಗ ಒಂದು ಟಿಕೆಟ್ ಫೋಟೋ ಎಲ್ಲಾರ ಫೋನಿಗೂ ಬಂದಿತ್ತು, ನೆನಪೈತೇನ್ರಿ? ಬೆಂಗಳೂರು ಮೈಸೂರು ಬಸ್ಸಿನ್ಯಾಗ ಒಬ್ರು ಅಜ್ಜಿ ಮೊಮ್ಮಗಳನ್ನ ಕರಕೊಂಡು ಹೊಂಟಿದ್ರು, ಇಬ್ರಿಗೂ ಶಕ್ತಿ, ಝೀರೋ. ಜೊತಿಗೆ ಪಂಜರದಾಗ ನಾಲ್ಕು ಲವ್ ಬರ್ಡ್ಸ್ ಇದ್ದುವು. ಅವಕ್ಕ ಮಕ್ಕಳ ಲೆಕ್ಕದಾಗ ಅರ್ಧಾ ಟಿಕೆಟ್ ಹರದ್ರು, ಒಂದಕ್ಕ 111 ರೂಪಾಯಿ, ಒಟ್ಟು 444. ಎಲ್ಲಾರೂ ಬಿದ್ದುಬಿದ್ದು ನಕ್ಕರು, ನಾನೂ ನಕ್ಕೆ, ಆದ್ರ ನಮ್ಮ ಹುಡುಗ ಅದನ್ನ ನೋಡಿ ನಗಲಿಲ್ಲ. ನಿಗಮದ ಮಷೀನಿನ್ಯಾಗ ಅಂವ ಮತ್ತ ಆ ಗಿಳಿ ಇಬ್ರೂ ಒಂದ ಬಟನ್!

ಈಗ ರೇಟಿನ ವಿಷಯಕ್ಕ ಬರೂಣು. 2025ರ ಜನವರಿ 5 ರಿಂದ ರಾಜ್ಯದ ನಾಲ್ಕೂ ಸಾರಿಗೆ ನಿಗಮದಾಗ ಶೇ. 15 ಏರಿಸಿದ್ರು. ಅದನ್ನ ಕ್ಯಾಬಿನೆಟ್ ಮೀಟಿಂಗ್ ಮುಗಿಸಿ ಬಂದು ಹೇಳಿದವ್ರು ನಮ್ಮ ಗದಗಿನ ಶಾಸಕರು, ಕಾನೂನು ಮಂತ್ರಿ ಎಚ್.ಕೆ. ಪಾಟೀಲರು, ಹಿಂಗಾಗಿ ನಮ್ಮ ತವರಿನ ಕಟ್ಟಿ ಮ್ಯಾಲ ಅದರ ಚರ್ಚಾ ಎರಡು ಪಟ್ಟು ಆಗಿತ್ತು. ಅದಕ್ಕಿಂತ ಮೊದಲ ನಮ್ಮ ಭಾಗದ ಬಸ್ಸಿಗೆ ಏರಿಸಿದ್ದು 2020ರ ಫೆಬ್ರವರಿಯಾಗ, ಶೇ. 12. ನಡುವ ಐದು ವರ್ಷ ಏನೂ ಏರಿಸಿರಲಿಲ್ಲ ಅನ್ನೂದೂ ಖರೇನ. ಸರ್ಕಾರ ಆವಾಗ ಕೊಟ್ಟ ಲೆಕ್ಕ ಏನಂದ್ರ ಅದಕ್ಕ ಹತ್ತು ವರ್ಷದ ಹಿಂದ ನಾಲ್ಕೂ ನಿಗಮ ಸೇರಿ ದಿನಕ್ಕ ಡೀಸೆಲ್‌ಗೆ 9.16 ಕೋಟಿ ಖರ್ಚು ಮಾಡ್ತಿದ್ವು, ರೇಟ್ ಏರಿಸೂ ಹೊತ್ತಿಗೆ ಅದು 13.21 ಕೋಟಿ ಆಗಿತ್ತು, ಮ್ಯಾಲ ಸಿಬ್ಬಂದಿ ಪಗಾರ. ನಾ ಈ ಲೆಕ್ಕಕ್ಕ ತಕರಾರು ತಗಿಯೂದಿಲ್ಲ. ಪೆಟ್ರೋಲು ಬ್ಯಾಳಿ ಎಣ್ಣಿ ಎಲ್ಲಾ ಏರ್ಯಾವ, ಬಸ್ ಒಂದ ಏರಬಾರ್ದು ಅಂದ್ರ ಹೆಂಗ. ಡ್ರೈವರ್ ಕಂಡಕ್ಟರ್ ಮಂದಿ ಹಿಂದಿನ ಬಾಕಿ ಪಗಾರ ಕೊಡ್ರಿ ಅಂತ 2025ರ ಆಗಸ್ಟಿನ್ಯಾಗ ಬಸ್ ನಿಂದ್ರಿಸಿದ್ರು, ಅವ್ರ ಮನ್ಯಾಗೂ ಮಕ್ಕಳದಾವ.

ನನ್ನ ತಕರಾರು ಇಷ್ಟ. ದೊಡ್ಡವರ ಟಿಕೆಟ್ ಏರಿದ ಕೂಡಲೇ ಅದರ ಅರ್ಧಾ ಆಗಿರೂ ಹುಡುಗುರ ಟಿಕೆಟ್ಟೂ ತನ್ನಷ್ಟಕ್ಕ ತಾ ಏರತೈತಿ. ಯಾರೂ ಕುಂತು "ಮಕ್ಕಳಿಗೆ ಎಷ್ಟು ಹಚ್ಚೂಣು" ಅಂತ ವಿಚಾರ ಮಾಡೂದಿಲ್ಲ. ಮತ್ತ ಶಕ್ತಿ ಬಂದ ಮ್ಯಾಲ ಸಾದಾ ಬಸ್ಸಿನ್ಯಾಗ ಏರಿದ ರೇಟ್ ಕೈಯಿಂದ ಕೊಡೋರು ಯಾರ್ ಉಳದ್ರು ಅಂದ್ರ ಗಂಡಸ್ರು ಮತ್ತ ಗಂಡುಡುಗ್ರು ಅಷ್ಟ. ಪ್ಯಾಟಿಗೆ ಕೂಲಿಗೆ ಬರೂ ಗಂಡಸು ಬೈಕೋತ ಆದ್ರೂ ಕೊಡ್ತಾನ, ಎಂಟು ವರ್ಷದ ಹುಡುಗನ ಹೆಸರಿಲೆ ಅವರವ್ವನ ಸೆರಗಿನ ಗಂಟು ಬಿಚ್ಚತೈತಿ. ಅಂದ್ರ ಏನಾತು, ನಂಗ ಫ್ರೀ ಅಂತ ಕೊಟ್ಟದ್ದರಾಗಿಂದ ಒಂದಿಷ್ಟು ನನ್ನ ಮಗನ ಕಡಿಂದ ವಾಪಸ್ ಇಸ್ಕೊಂಡಂಗ.

ಹುಬ್ಬಳ್ಳಿ ಧಾರವಾಡ ನಡುವ ಓಡೂ ಚಿಗರಿ ಬಸ್ ಬ್ಯಾರೆ ಕಥಿ, ಅದು ಏಸಿ ಬಸ್, ಏಸಿಗೆಲ್ಲಾ ಶಕ್ತಿ ಇಲ್ಲ, ಅಲ್ಲಿ ನಾನೂ ಕೌಂಟರಿನ್ಯಾಗ ಟಿಕೆಟ್ ತಗಸ್ತೀನಿ, ಗೇಟಿಗೆ ಕ್ಯೂಆರ್ ಹಿಡಿತೀನಿ, ಮಗಳೂ ಹಿಡಿತಾಳ. ಧಾರವಾಡಕ್ಕ ಮದವಿ ಮುಂಜಿ ಅಂತ ಹೊತ್ತಿಗೆ ಮುಟ್ಟಬೇಕಂದ್ರ ಚಿಗರಿ, ಹೊತ್ತಿದ್ರ ಸಾದಾ ಬಸ್. ಚಿಗರಿಯಾಗ ಹೋದ ದಿನ ನಮ್ಮ ಹುಡುಗ ಅಕ್ಕನ ಟಿಕೆಟ್ ನೋಡಿ ಭಾಳ ಸಮಾಧಾನ ಪಡ್ತಾನ.

ಇನ್ನ ಪಾಸ್. ಯಾರಿಗರೆ ಈ ಮಾತು ಹೇಳಿದ್ರ ಮೊದಲ ಬರೂ ಉತ್ತರ "ಪಾಸ್ ಐತಲ್ಲ ಅಕ್ಕಾರ". ಐತಿ, ಇಲ್ಲಂತ ನಾ ಎಲ್ಲಿ ಅಂದೆ. ಶಕ್ತಿ ಸುರು ಆದ ವರ್ಷ, 2023-24ರ ರೇಟ್ ಹೇಳ್ತೀನಿ, ಪ್ರೈಮರಿ ಹುಡುಗುರಿಗೆ ಪಾಸ್ ಫ್ರೀ, ಫೀ ಅಂತ 150 ರೂಪಾಯಿ ಅಷ್ಟ. ಹೈಸ್ಕೂಲ್ ಗಂಡುಡುಗ್ರಿಗೆ 750, ಹುಡ್ಗ್ಯಾರಿಗೆ 550, ಪಿಯುಸಿ ಡಿಗ್ರಿಗೆ 1050. ಎಸ್ಸಿ ಎಸ್ಟಿ ಹುಡುಗುರಿಗೆ ಎಲ್ಲಾ ಕ್ಲಾಸಿಗೂ 150. ಹತ್ತು ತಿಂಗಳು ನಡೀತೈತಿ. ಸೇವಾ ಸಿಂಧುನ್ಯಾಗ ಅರ್ಜಿ ಹಾಕಬೇಕು. ದಿನಾ ಟಿಕೆಟ್ ತಗಸೂದಕ್ಕ ಹೋಲಿಸಿದ್ರ 750 ಏನೂ ಅಲ್ಲ, ಅದನ್ನೂ ಒಪ್ಪತೀನಿ.

ಆದ್ರ ಪಾಸಿಗೂ ಝೀರೋ ಟಿಕೆಟ್ಟಿಗೂ ಭಾಳ ಫರಕ್ ಐತ್ರಿ, ಇದನ್ನ ಹಳ್ಯಾಗ ಮಕ್ಕಳನ್ನ ಬೆಳಸಿದವ್ರಿಗೆ ಬಿಡಿಸಿ ಹೇಳೂದು ಬ್ಯಾಡ. ಪಾಸ್ ಅಂದ್ರ ಮನಿಂದ ಸಾಲಿ, ಸಾಲಿಂದ ಮನಿ, ಅದರ ಮ್ಯಾಲ ಬರದಿರೂ ದಾರಿ ಅಷ್ಟ. ಹಗ್ಗಾ ಕಟ್ಟಿದ ಕರ ಗೂಟದ ಸುತ್ತ ಅಡ್ಡಾಡಿದಂಗ. ನಮ್ಮ ತವರಮನ್ಯಾಗ ನಮ್ಮಣ್ಣನ ಮಕ್ಕಳು ಇಬ್ರು, ದೊಡ್ಡಾಕಿ ಗದಗಿನ್ಯಾಗ ಪಿಯುಸಿ, ಸಣ್ಣಂವ ಒಂಬತ್ತನೇತ್ತಾ, ಪಕ್ಕದ ದೊಡ್ಡೂರಿನ ಹೈಸ್ಕೂಲಿಗೆ ಹೋಗತಾನ. ಆಕಿ ಕಾಲೇಜ್ ಮುಗಿಸಿ ಗದಗಿನ್ಯಾಗ ಲೈಬ್ರರಿಗೆ ಹೋಗತಾಳ, ರವಿವಾರ ಗೆಳತಿ ಊರಿಗೆ ನೋಟ್ಸ್ ತರಾಕ ಹೋಗತಾಳ, ಹುಬ್ಬಳ್ಳಿಯಾಗ ಯಾವುದರೆ ಎಕ್ಸಾಂ ಸೆಂಟರ್ ಬಂದ್ರ ಹಿಂದಿನ ದಿನಾನ ನಮ್ಮನಿಗೆ ಬಂದು ಬಿಡ್ತಾಳ, ಯಾರನ್ನೂ ಕೇಳೂದಿಲ್ಲ, ಆಧಾರ್ ಕಾರ್ಡ್ ಬ್ಯಾಗಿನ್ಯಾಗ ಇರ್ತೈತಿ. ನಮ್ಮ ಕಾಲದಾಗ ಬಸ್ಸಿಗೆ ರೊಕ್ಕಿಲ್ಲ ಅಂತ ನನ್ನ ಗೆಳತ್ಯಾರು ಎಷ್ಟು ಮಂದಿ ಏಳನೇತ್ತಾಕ್ಕ ಸಾಲಿ ಬಿಟ್ಟು ಕುಂತ್ರು, ಅದನ್ನ ನೋಡಿದಾಕಿ ನಾ, ಹಿಂಗಾಗಿ ಈ ಹುಡ್ಗಿ ಹಿಂಗ ಅಡ್ಡಾಡೂದು ನೋಡಿದ್ರ ನನಗ ಆಗೂ ಸಂತೋಷ ಅಷ್ಟಿಷ್ಟಲ್ಲ. ಶಕ್ತಿ ಬ್ಯಾಡ, ಬಂದ್ ಮಾಡ್ರಿ ಅನ್ನೋ ಮಂದಿ ಜೊತಿ ನನ್ನನ್ನ ಸೇರಿಸಬ್ಯಾಡ್ರಿ.

ಆದ್ರ ಅವಳ ತಮ್ಮ? ಪಾಸಿದ್ರೂ ಸಾಲಿ ದಾರಿ ಬಿಟ್ಟು ಒಂದು ಸ್ಟಾಪ್ ಆಚೆ ಹೋಗಬೇಕಂದ್ರ ಟಿಕೆಟ್, ಅದೂ ಹನ್ನೆರಡು ದಾಟೇತಿ ಅಂದ್ರ ಫುಲ್. ಖೋ ಖೋ ಚಲೋ ಆಡ್ತಾನ ಅಂವ, ಗದಗಿನ ಸ್ಟೇಡಿಯಂನ್ಯಾಗ ಪ್ರ್ಯಾಕ್ಟೀಸಿಗೆ ರವಿವಾರಕ್ಕೊಮ್ಮೆ ಬಾ ಅಂತ ಸರ್ ಹೇಳ್ಯಾರ, ನಮ್ಮಣ್ಣ ಪ್ರತಿ ರವಿವಾರ "ಈ ಸಲ ಬ್ಯಾಡ, ಮುಂದಿನ ವಾರ ನೋಡೂಣು" ಅಂತಾನ. ದೊಡ್ಡ ರೊಕ್ಕಲ್ಲ ಅದು. ಆದ್ರ ಹೊಲದಾಗ ಹೆಸರು ಬಿತ್ತಿ ಮಳಿ ಕೈಕೊಟ್ಟ ವರ್ಷ ಹೋಗಾಕ ಬರಾಕ ಅನ್ನೂದೂ ಲೆಕ್ಕಕ್ಕ ಬರತೈತಿ. ಸೂಟಿ ಬಿಟ್ಟಾಗ ಅಕ್ಕ ಬರ್ತಾಳ ನಮ್ಮನಿಗೆ, ಇಂವ "ಬರ್ತೀನಿ ಅತ್ತಿ" ಅಂತ ಫೋನಿನ್ಯಾಗ ಹೇಳ್ತಾನ ಅಷ್ಟ.

ಮಕ್ಕಳು ಬೆಳಿಯೂದು ಸಾಲಿ ದಾರ್ಯಾಗ ಅಷ್ಟೇನ್ರಿ? ಜಾತ್ರಿಗೆ ಹೋಗಬೇಕು, ಅಜ್ಜಿ ಊರಿಗೆ ಹೋಗಬೇಕು, ಲಕ್ಕುಂಡಿ ಗುಡಿ ನೋಡಬೇಕು, ಪುಸ್ತಕದಾಗ ಓದಿದ್ದು ಇಪ್ಪತ್ತು ಕಿಲೋಮೀಟರ್ ಒಳಗ ಇದ್ರೂ ಕಣ್ಣಲೆ ನೋಡದ ಹುಡುಗುರು ನಮ್ಮ ಕಡೆ ಎಷ್ಟು ಅದಾವ ಅಂತೀರಿ.

ಬ್ಯಾರೆ ಕಡೆ ಹೆಂಗೈತಿ ಅಂತ ನೋಡಿದ್ರ, ಸ್ಕಾಟ್ಲೆಂಡಿನ್ಯಾಗ 2022ರ ಜನವರಿ 31 ರಿಂದ 22 ವರ್ಷದ ಒಳಗಿನ ಎಲ್ಲಾರಿಗೂ ಬಸ್ ಫ್ರೀ ಮಾಡ್ಯಾರ, ಹುಡುಗ ಹುಡುಗಿ ಅಂತಿಲ್ಲ, ಸಾಲಿ ದಾರಿ ಅಂತಿಲ್ಲ, ಒಂದು ಕಾರ್ಡ್ ಇದ್ರ ಆತು. ಲಂಡನ್ನಿನ್ಯಾಗ 11ರ ಒಳಗಿನ ಕೂಸಿಗೆ ಬಸ್ಸಿನ್ಯಾಗ ಕಾರ್ಡೂ ಬೇಕಾಗಿಲ್ಲ, 11 ರಿಂದ 15ರ ತನಕ ಫೋಟೋ ಇರೂ ಕಾರ್ಡ್ ಹಿಡಕೊಂಡ್ರ ಫ್ರೀ. ಅಲ್ಲಿ ರೊಕ್ಕ ಐತಿ ಬಿಡ್ರಿ ಅಂತೀರಿ, ಹಂಗಾರ ತಮಿಳುನಾಡು ನೋಡ್ರಿ, ಅಲ್ಲಿ ಜೂನಿನ್ಯಾಗ ಸಾಲಿ ಸುರು ಆದಾಗ ಹೊಸ ಪಾಸ್ ಕೈಗೆ ಬರೂತನಕ ಯೂನಿಫಾರ್ಮ್ ಹಾಕ್ಕೊಂಡಿದ್ರ ಇಲ್ಲಾ ಹಳೇ ಪಾಸ್ ಇದ್ರ ಹುಡುಗುರನ್ನ ಹತ್ತಿಸ್ಕೋತಾರ. ಮೈಮ್ಯಾಲಿನ ಯೂನಿಫಾರ್ಮೇ ಪಾಸ್! ನನಗ ಇದು ಭಾಳ ಸೇರಿತು. ಆದ್ರ ಸಣ್ಣ ಕೂಸಿನ ವಿಷಯದಾಗ ನಾವು ಅವರಿಗಿಂತ ಒಂದು ವರ್ಷ ಮುಂದ ಅದೀವಿ, ಅಲ್ಲಿ 5ರ ತನಕ ಫ್ರೀ ಮಾಡಿದ್ದು 2022ರಾಗ, ಅದಕ್ಕೂ ಮೊದಲ ಮೂರು ವರ್ಷಕ್ಕ ಟಿಕೆಟ್ ಕೇಳ್ತಿದ್ರು.

ನಮ್ಮ ರಾಜ್ಯದಾಗ ಗಂಡುಡುಗ್ರಿಗೂ ಫ್ರೀ ಮಾಡಾಕ ಹೊಸ ಮಷೀನ್ ಬೇಕಾಗಿಲ್ಲ, ಹೊಸ ಕಾರ್ಡ್ ಬೇಕಾಗಿಲ್ಲ. ಕಂಡಕ್ಟರ್ ಕೈಯಾಗ ಇರೂ ಮಷೀನಿನ್ಯಾಗ ಝೀರೋ ಟಿಕೆಟ್ ಈಗಾಗಲೇ ಐತಿ, ಎಷ್ಟು ಝೀರೋ ಹರದಾರ ಅನ್ನೂ ಲೆಕ್ಕ ಇಟ್ಟು ಸರ್ಕಾರ ನಿಗಮಕ್ಕ ರೊಕ್ಕ ತುಂಬಿಕೊಡೂ ಪದ್ಧತಿನೂ ಐತಿ (ಹೊತ್ತಿಗೆ ಸರಿಯಾಗಿ ಕೊಡೂದು ಬ್ಯಾರೆ ಮಾತು, ಅದರ ಬಾಕಿ ಕಥಿ ಪೇಪರಿನ್ಯಾಗ ಬರ್ತಿರ್ತೈತಿ). 2025ರ ಜುಲೈನ್ಯಾಗ 500 ಕೋಟಿ ಝೀರೋ ಟಿಕೆಟ್ ಆತು ಅಂತ ಸಮಾರಂಭ ಮಾಡಿದ್ರು. 500 ಕೋಟಿ ಎಣಿಸಿದ ಸರ್ಕಾರಕ್ಕ ಹನ್ನೆರಡು ವರ್ಷದ ಒಳಗಿನ ಗಂಡುಡುಗ್ರನ್ನ ಅದರಾಗ ಸೇರಿಸೂದು ದೊಡ್ಡ ಭಾರ ಆಗತೈತಿ ಅಂತ ನನಗ ಅನಸೂದಿಲ್ಲ. ಹಂಗ ನೋಡಿದ್ರ ಪ್ರೈಮರಿ ಹುಡುಗುರ ಪಾಸ್ ಹೆಚ್ಚುಕಡಿಮಿ ಫ್ರೀನೇ ಕೊಟ್ಟಾರ, ಅಂದ್ರ ಸಾಲಿಗೆ ಹೋಗಾಕ ರೊಕ್ಕ ಬ್ಯಾಡ ಅಂದಂವ್ರು ಅಜ್ಜಿ ಊರಿಗೆ ಹೋಗಾಕ ಮಾತ್ರ ಇಸ್ಕೋತಾರ. ಈ ಲೆಕ್ಕಾ ಹಾಕಿದವ್ರಿಗೆ ಅಜ್ಜಿ ಊರು ಇರಲಿಲ್ಲೇನೋ.

ನಮ್ಮ ಓಣ್ಯಾಗ ಒಬ್ರು ಕಾಕಾ ಅದಾರ, ನಿಗಮದಾಗ ದುಡಿದು ರಿಟೈರ್ ಆದವ್ರು. ಅವ್ರಿಗೆ ಇದನ್ನ ಹೇಳಿದ್ರ ಅವ್ರು ಬ್ಯಾರೆನ ಹೇಳಿದ್ರು. "ಫ್ರೀ ಮಾಡೂದು ಒಂದು ಸಹಿ ಕೆಲಸ ತಂಗಿ, ಬಸ್ ಹೆಚ್ಚ ಮಾಡೂದು ಹತ್ತು ವರ್ಷದ ಕೆಲಸ. ಫ್ರೀ ಅಂದ ಕೂಡಲೇ ಮಂದಿ ಹೆಚ್ಚಾತು, ಬಸ್ ಎಷ್ಟಿದ್ವು ಅಷ್ಟ. ಬಾಗಲಾಗ ಜೋತಾಡಕೋತ ಹೋಗೂ ಹುಡುಗಗ ನೀ ಫ್ರೀ ಕೊಟ್ರೇನು, ಅರ್ಧಾ ಕೊಟ್ರೇನು" ಅಂದ್ರು. ನನಗ ಮಾತ ಬರಲಿಲ್ಲ. ಯಾಕಂದ್ರ ಮುಂಜಾನೆ ಎಂಟರಿಂದ ಒಂಬತ್ತರ ನಡುವ ನಮ್ಮ ಜಿಲ್ಲೆಗಳ ಹಳ್ಳಿ ಸ್ಟಾಪಿನ್ಯಾಗ ನಿಂತು ನೋಡಿದವ್ರಿಗೆ ಗೊತ್ತೈತಿ, ಸಾಲಿ ಹುಡುಗ್ರು, ಕಾಲೇಜ್ ಹುಡ್ಗ್ಯಾರು, ಸಂತಿ ಗಂಟು, ದವಾಖಾನಿಗೆ ಹೊಂಟ ಮುದುಕ್ರು ಎಲ್ಲಾರಿಗೂ ಅದೊಂದ ಬಸ್. ಹಿಂದಿನ ಊರಾಗ ತುಂಬಿಕೊಂಡು ಬಂದಿದ್ರ ನಿಂದ್ರೂದಿಲ್ಲ. ಹುಡುಗುರು ದಾರ್ಯಾಗ ಕುಂತು ಬಸ್ ತಡಿಯೂದು, ಪೊಲೀಸ್ರು ಬಂದು ಸಮಾಧಾನ ಮಾಡೂದು, ಒಂದು ಬಸ್ ಹೆಚ್ಚ ಬಿಡ್ತೀವಿ ಅನ್ನೂದು, ಗದಗ ಹಾವೇರಿ ಕಡೆ ಪೇಪರ್ ತಗದ್ರ ಜೂನ್ ಜುಲೈನ್ಯಾಗ ಈ ಸುದ್ದಿ ಇರಾಕಬೇಕು.

ಹಂಗಂತ ಕಾಕಾನ ಮಾತು ಪೂರ್ತಿ ಒಪ್ಪಾಕೂ ಮನಸಿಲ್ಲ. ಬಸ್ ಹೆಚ್ಚಾಗೂತನಕ ತಡೀರಿ ಅಂದ್ರ ಅಷ್ಟೊತ್ತಿಗೆ ನನ್ನ ಮಗ ಹನ್ನೆರಡು ದಾಟಿ ಫುಲ್ ಟಿಕೆಟ್ಟಿಗೆ ಬಂದಿರ್ತಾನ, ನಮ್ಮಣ್ಣನ ಮಗ ಡಿಗ್ರಿ ಮುಗಿಸಿರ್ತಾನ. ಮತ್ತ ನಾ ಕೇಳೂದು ಮುಂಜಾನೆ ಗದ್ದಲದ ಹೊತ್ತಿಂದೂ ಅಲ್ಲ. ಆ ಹೊತ್ತಿನ್ಯಾಗ ಹುಡುಗುರ ಕೈಯಾಗ ಪಾಸ್ ಇದ್ದ ಇರ್ತೈತಿ, ಅಲ್ಲಿ ಹೊಸ ಮಂದಿ ಯಾರೂ ಬರೂದಿಲ್ಲ. ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ, ರವಿವಾರ, ಸೂಟಿಯಾಗ, ಬಸ್ ಅರ್ಧಾ ಖಾಲಿ ಹೋಗೂ ಹೊತ್ತಿನ್ಯಾಗ ಹುಡುಗುರು ಕುಂತು ಹೋದ್ರ ಡೀಸೆಲ್ ಏನ್ ಹೆಚ್ಚ ಕುಡಿಯೂದಿಲ್ಲ.

ನನ್ನ ಕೈಯಾಗ ಕೊಟ್ರ ನಾ ಏನ್ ಮಾಡ್ತೀನಿ ಅಂದ್ರ, ಸಾದಾ ಬಸ್ಸಿನ್ಯಾಗ ಹತ್ತನೇತ್ತಾ ಮುಗಿಯೂತನಕ ಗಂಡು ಹೆಣ್ಣು ಎಲ್ಲಾ ಹುಡುಗುರಿಗೂ ಝೀರೋ, ಸಾಲಿ ಐಡಿ ಕಾರ್ಡ್ ತೋರಿಸಿದ್ರ ಸಾಕು, ವಯಸ್ಸಿನ ಜಗಳಾನೂ ಮುಗೀತು, ಅವ್ವಂದ್ರ ಸುಳ್ಳೂ ಮುಗೀತು. ಪಿಯುಸಿ ಡಿಗ್ರಿ ಗಂಡುಡುಗ್ರಿಗೆ ಪಾಸ್ ಇರ್ಲಿ, ಅವ್ರಿಗೆ ಫ್ರೀ ಬ್ಯಾಡ, ಆ ರೊಕ್ಕದಾಗ ಮುಂಜಾನೆ ಒಂದೊಂದು ಬಸ್ ಹೆಚ್ಚ ಬಿಡ್ರಿ. ಇದಕ್ಕ ನಮ್ಮನಿಯವ್ರು "ಎಲ್ಲಾ ಫ್ರೀ ಕೊಟ್ಕೋತ ಹೋದ್ರ ರೇಟ್ ಮತ್ತ ನಮ್ಮ ಮ್ಯಾಲ ಏರ್ತಾವ" ಅಂತಾರ, ಅವ್ರ ಸಿಟ್ಟೂ ಸುಳ್ಳಲ್ಲ, ಅದಕ್ಕ ಫ್ರೀ ಕೊಟ್ಟದ್ದರ ರೊಕ್ಕಾನ ಸರ್ಕಾರ ಬಜೆಟ್ಟಿಂದ ಹೊತ್ತಿಗೆ ಸರಿಯಾಗಿ ತುಂಬಬೇಕು, ಪಕ್ಕದ ಸೀಟಿನವ್ರ ಟಿಕೆಟ್ಟಿಂದ ತಗೀಬಾರ್ದು.

ದಸರಾ ಸೂಟಿ ಹತ್ತರ ಬಂತು, ನಮ್ಮಣ್ಣಗ ಈ ಸಲ ಹುಡುಗನ್ನೂ ಕಳಸು ಅಂತ ಹೇಳೀನಿ, ಟಿಕೆಟ್ ರೊಕ್ಕ ಫೋನ್ ಪೇ ಮಾಡ್ತೀನಿ ಅಂದ್ರ "ಬ್ಯಾಡ ಬಿಡs ಯವ್ವಾ, ಅಷ್ಟೂ ಗತಿಗೆಟ್ಟಿಲ್ಲ" ಅಂತ ಸಿಟ್ಟಿಗೆದ್ದಾನ. ಸಿಟ್ಟಾಗ್ಲಿ. ಕಳಸಿದ್ರ ಸಾಕು.